ಹೆಬ್ಬಾತುಗಳ ಒಡ್ಡೋಲಗ

ಹೆಬ್ಬಾತಿನ ಸೊಗಸು ತಿಳಿಯಬೇಕಾದರೆ ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬೇಕು. ಕೋಳಿಗಳಾದರೆ ಬಾಗಿಲು ಸಂದಾಗುತ್ತಲೇ ಒಂದರ ಮೇಲೊಂದು ನುಗ್ಗಿ, ಹೊರಗೆ ಬಂದದ್ದೇ ದಿಕ್ಕಿಗೊಂದಾಗಿ ಚದುರಿಬಿಡುತ್ತವೆ. ಹೆಬ್ಬಾತುಗಳಿಗೆ ಆ ಗಡಿಬಿಡಿ ಇಲ್ಲ. ಮೊದಲು ಒಂದು ಕತ್ತು ಹೊರಗೆ ಬರುತ್ತದೆ. ಎಡಕ್ಕೆ ತಿರುಗಿ ಒಂದು ಕಣ್ಣಿನಿಂದ, ಬಲಕ್ಕೆ ತಿರುಗಿ ಇನ್ನೊಂದು ಕಣ್ಣಿನಿಂದ ಅಂಗಳವನ್ನೆಲ್ಲ ಪರಾಂಬರಿಸುತ್ತದೆ. ಒಳಗಿರುವವಕ್ಕೆ ತಗ್ಗಿದ ದನಿಯಲ್ಲಿ ಏನೋ ಹೇಳುತ್ತದೆ. ಆಮೇಲೆ ದೊಡ್ಡ ಗಂಡು ಹೊಸ್ತಿಲು ದಾಟುತ್ತದೆ, ಅದರ ಬೆನ್ನಿಗೆ ಅದರ ಮೆಚ್ಚಿನ ಹೆಣ್ಣು, ಆಮೇಲೆ ಉಳಿದವು, ಕೊನೆಗೆ ಹೋದ ವರ್ಷದ ಮರಿಗಳು. ಎಲ್ಲ ಬಂದು ಸೇರಿದ ಮೇಲೆ ತುದಿಗಾಲಲ್ಲಿ ನಿಂತು ರೆಕ್ಕೆ ಬಿಚ್ಚಿ ಕೊಡವುತ್ತವೆ, ಕತ್ತು ನೆಟ್ಟಗೆ ಮಾಡಿ ಒಟ್ಟಿಗೇ ಕೂಗು ಹಾಕುತ್ತವೆ. ಯಕ್ಷಗಾನದ ಒಡ್ಡೋಲಗ ನೋಡಿದವರಿಗೆ ಈ ಪ್ರವೇಶದ ಗತ್ತು ಹೊಸದೇನಲ್ಲ. ಕತೆ ಶುರುವಾಗುವುದು ಆಮೇಲೆ. ಮೊದಲು ತಾವು ಬಂದಿದ್ದೇವೆ ಎಂಬುದು ಸಭೆಗೆ ಗೊತ್ತಾಗಬೇಕು.

ನಾನು ಇವನ್ನು ನೋಡುತ್ತ ಬಂದಿರುವುದು ತಿಪಟೂರು ಕಡೆ, ಚಿಕ್ಕಮ್ಮನ ತೆಂಗಿನ ತೋಟದಲ್ಲಿ. ಕೆಲವು ಅಚ್ಚ ಬಿಳಿ, ಕೆಲವು ಬೂದುಗಂದು. ಬೂದುಗಂದಿನವಕ್ಕೆ ನೆತ್ತಿಯಿಂದ ಬೆನ್ನಿನ ತನಕ ಕತ್ತಿನ ಹಿಂಬದಿಯಲ್ಲಿ ಒಂದು ಕಡುಗಂದು ಪಟ್ಟೆ ಇಳಿಯುತ್ತದೆ, ಕುಂಚವನ್ನು ಎಲ್ಲೂ ಎತ್ತದೆ ಎಳೆದಷ್ಟು ನಯವಾಗಿ. ಕೊಕ್ಕಿನ ಬುಡದಲ್ಲಿ, ಹಣೆಗೆ ತಾಗಿದಂತೆ, ಒಂದು ಬುಗುಟು. ಹಕ್ಕಿಯ ಮನೆತನ ಯಾವುದೆಂದು ಆ ಬುಗುಟು ಹೇಳಿಬಿಡುತ್ತದೆ. ಲೋಕದ ಸಾಕು ಹೆಬ್ಬಾತುಗಳೆಲ್ಲ ಎರಡು ಕಾಡುಜಾತಿಗಳಿಂದ ಬಂದವು. ಯುರೋಪಿನವು ಅಲ್ಲಿನ ಬೂದು ಹೆಬ್ಬಾತಿನ ವಂಶ. ಚೀನಾದವು ಮಂಗೋಲಿಯಾ ಮತ್ತು ಈಶಾನ್ಯ ಚೀನಾದ ಉದ್ದಕತ್ತಿನ ಕಾಡು ಹೆಬ್ಬಾತಿನ ವಂಶ. ಬುಗುಟು ಇರುವುದು ಈ ಎರಡನೆಯ ಕವಲಿಗೆ. ನಮ್ಮ ತೋಟದ ಮನೆಗಳಲ್ಲಿ ಹೆಚ್ಚಾಗಿ ಕಾಣುವುದೂ ಅದೇ. ನಾಲ್ಕೈದು ಕಿಲೋ ತೂಗುವ, ಮೈ ಹಗುರವಾದ, ಬಾಯಿ ಜೋರಾದ ತಳಿ. ಗಂಡಿನ ಬುಗುಟು ಹೆಣ್ಣಿನದಕ್ಕಿಂತ ದೊಡ್ಡದು. ದನಿಯಲ್ಲಿ ಮಾತ್ರ ನಾವು ಎಣಿಸಿದ್ದಕ್ಕೆ ತದ್ವಿರುದ್ಧ: ಗಂಡಿನದು ಕೀರಲು, ಹೆಣ್ಣಿನದು ಒರಟು ಮಂದ್ರ. ಕತ್ತಲಲ್ಲಿ ಗೂಡಿನ ಹೊರಗೆ ನಿಂತು ಯಾವುದು ಯಾರೆಂದು ಹೇಳುವುದು ಚಿಕ್ಕಮ್ಮನಿಗೆ ಕಷ್ಟವೇ ಅಲ್ಲ.

ಇನ್ನು ನಡಿಗೆ. ಬಾತುಕೋಳಿಯ ಕಾಲು ಮೈಯ ಹಿಂಭಾಗಕ್ಕೆ ಸರಿದಿರುವುದರಿಂದ ಅದು ನೀರಲ್ಲಿ ಚುರುಕು, ನೆಲದ ಮೇಲೆ ತೊನೆದಾಟ. ಹೆಬ್ಬಾತಿನ ಕಾಲು ಮೈಯ ನಡುಭಾಗಕ್ಕೆ ಹತ್ತಿರ. ಹಾಗಾಗಿ ಅದು ನಿಜವಾಗಿಯೂ ನಡೆಯಬಲ್ಲ ನೀರುಹಕ್ಕಿ. ಹೆಜ್ಜೆ ಎತ್ತಿದಾಗ ಜಾಲಪಾದ ಮಡಿಚಿಕೊಳ್ಳುತ್ತದೆ, ನೆಲ ಮುಟ್ಟುವ ಹೊತ್ತಿಗೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಹೊಟ್ಟೆಯ ಭಾರ ಆ ಕಾಲಿನಿಂದ ಈ ಕಾಲಿಗೆ ಸಾಗುವಾಗ ಕತ್ತು ಮಾತ್ರ ಅಲುಗುವುದಿಲ್ಲ. ಒಂದೇ ಹಕ್ಕಿ ಹೀಗೆ ನಡೆದರೆ ನಮಗೆ ನಗು ಬಂದೀತು. ತೋಟದ ಬದುವಿನ ಮೇಲೆ ಹನ್ನೆರಡು ಹಕ್ಕಿ ಒಂದರ ಹಿಂದೊಂದು ಹೊರಟವೆಂದರೆ ಅದೇ ತೂಗಾಟಕ್ಕೆ ಒಂದು ಲಯ ಕೂಡಿಬರುತ್ತದೆ, ನಗು ತಾನಾಗಿ ನಿಲ್ಲುತ್ತದೆ.

ಇದನ್ನು ಹೊಯ್ಸಳರ ಶಿಲ್ಪಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಸೋಮನಾಥಪುರದಲ್ಲಿ ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠೆಯಾದ ಕೇಶವ ದೇವಾಲಯದ ಸುತ್ತ ಒಂದರ ಮೇಲೊಂದು ಪಟ್ಟಿಕೆಗಳಿವೆ: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕತೆ, ಮಕರ. ಎಲ್ಲಕ್ಕಿಂತ ಮೇಲಿನದು ಹಂಸಗಳ ಸಾಲು. ಬಾಲವೇನೋ ಬಳ್ಳಿಯಾಗಿ ಸುರುಳಿ ಸುತ್ತಿದೆ, ಅದು ಶಿಲ್ಪಿಯ ಲಹರಿ. ಆದರೆ ಆ ತುಂಬಿದ ಎದೆ, ಮೋಟು ಕೊಕ್ಕು, ನೆಲ ಹಿಡಿದ ಕಾಲು ತೋಟದ ಬದುವಿನ ಮೇಲಿನವೇ. ಭಾರತೀಯ ಸಾಹಿತ್ಯ ಮತ್ತು ಕಲೆಯ ಹಂಸ ಹೆಬ್ಬಾತೇ ಎಂದು ಡಚ್ ವಿದ್ವಾಂಸ ಫೋಗೆಲ್ 1962ರಲ್ಲಿ ಪ್ರಕಟವಾದ ಒಂದು ಇಡೀ ಪುಸ್ತಕದಲ್ಲಿ ವಾದಿಸಿದ್ದರು. ಆ ವಾದ ಹಾಗಿರಲಿ. ನನಗೆ ಮೆಚ್ಚುಗೆಯಾಗುವುದು ಬೇರೆ ಸಂಗತಿ. ನಮ್ಮ ಕವಿಸಮಯದ ಹಂಸ ಸಾಮಾನ್ಯವಾಗಿ ಒಂಟಿ. ಹಾಲು ನೀರು ಬೇರ್ಪಡಿಸುವ, ದೂತನಾಗಿ ಹಾರುವ, ಯೋಗಿಯಂತಿರುವ ಒಂದು ಹಕ್ಕಿ. ಕಲ್ಲುಕುಟಿಗ ಅದನ್ನು ಒಂಟಿಯಾಗಿ ಬಿಡಲಿಲ್ಲ, ಗುಡಿಯ ಸುತ್ತ ಸಾಲು ಹಿಡಿಸಿ ನಡೆಸಿದ. ಅವನು ಹಕ್ಕಿಯನ್ನು ಕಣ್ಣಾರೆ ನೋಡಿದ್ದ ಅನ್ನಿಸುತ್ತದೆ. ಹೆಬ್ಬಾತಿನಲ್ಲಿ ಚೆಂದ ಎನ್ನಿಸುವುದೆಲ್ಲ, ಅದರ ನಡಿಗೆ, ಕೂಗು, ಸಿಟ್ಟು, ಕಾವು ಎಲ್ಲವೂ ಮಂದೆಯಲ್ಲಿ ಹುಟ್ಟುವಂಥವು.

ಮೇಯುವಾಗ ನೋಡಿ. ಇದು ಹುಲ್ಲು ತಿನ್ನುವ ಹಕ್ಕಿ. ಕೊಕ್ಕಿನ ಅಂಚಿನುದ್ದಕ್ಕೂ ಸಣ್ಣ ಸಣ್ಣ ಕಚ್ಚುಗಳಿವೆ, ನಾಲಿಗೆಯ ಎರಡೂ ಬದಿಗೆ ಮುಳ್ಳುಗಳಿವೆ. ತಲೆ ಓರೆ ಮಾಡಿ ಗರಿಕೆಯ ಕುಡಿ ಹಿಡಿದು ಹಿಂದಕ್ಕೆ ಜಗ್ಗಿತೆಂದರೆ ಪರಕ್ಕನೆ ಹರಿಯುವ ಸದ್ದು. ಹತ್ತಾರು ಕೊಕ್ಕು ಒಟ್ಟಿಗೆ ಮೇಯುವಾಗ ಆ ಪರಪರ ಇಡೀ ತೋಟದಲ್ಲಿ ಕೇಳುತ್ತದೆ. ಕೋಳಿಯಂತೆ ನೆಲ ಕೆದಕುವುದಿಲ್ಲ, ಮೇಲಿನ ಕುಡಿಯನ್ನಷ್ಟೇ ಕತ್ತರಿಸುತ್ತದೆ. ಗರಿಕೆ, ಜೇಕು ಅದಕ್ಕೆ ಪ್ರೀತಿ. ಅಗಲ ಎಲೆಯ ಗಿಡಗಳ ಮೇಲೆ ಅಷ್ಟು ಮನಸ್ಸಿಲ್ಲ. ಈ ರುಚಿಭೇದವನ್ನು ನಂಬಿಯೇ 1950ರ ದಶಕದಲ್ಲಿ ಅಮೆರಿಕದ ಹತ್ತಿಹೊಲಗಳಲ್ಲಿ ಕಳೆ ತೆಗೆಯಲು ಹೆಬ್ಬಾತಿನ ಮಂದೆ ಬಿಡುತ್ತಿದ್ದರು. ಹಾಗೆಂದು ಎಳೆ ಸಸಿಯ ತೊಗಟೆಯನ್ನು ಇವುಗಳ ಮುಂದೆ ಬಯಲಿಗೆ ಬಿಟ್ಟರೆ ಉಳಿಯುವುದಿಲ್ಲ. ತಿಂದ ಹುಲ್ಲು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ರಸಾಸ್ವಾದಕ್ಕೆ ಹೊರಟವರು ಅಂಗಳದಲ್ಲಿ ಕಾಲಿಡುವ ಮುಂಚೆ ನೆಲ ನೋಡಿಕೊಳ್ಳುವುದು ಲೇಸು.

ಅಷ್ಟು ತಲೆಗಳು ಕೆಳಗಿರುವಾಗ ಯಾವಾಗಲೂ ಒಂದು ತಲೆ ಮೇಲಿರುತ್ತದೆ. ಅದು ಮೇಯುವುದಿಲ್ಲ, ಕಾಯುತ್ತದೆ. ಸ್ವಲ್ಪ ಹೊತ್ತಿಗೆ ಅದು ತಲೆ ಬಗ್ಗಿಸಿದರೆ ಪಕ್ಕದಲ್ಲಿ ಎಲ್ಲೋ ಇನ್ನೊಂದು ಎದ್ದಿರುತ್ತದೆ. ಪಾಳಿ ಹಾಕಿದವರು ಯಾರೂ ಇಲ್ಲ, ತಕರಾರೂ ಇಲ್ಲ. ಗಿಡುಗದ ನೆರಳು ನೆಲದ ಮೇಲೆ ಸರಿದರೆ ಸಾಕು, ಕಾಯುವ ಹಕ್ಕಿ ಒಂದು ಗಿಡ್ಡ ಕೂಗು ಹಾಕುತ್ತದೆ, ಎಲ್ಲ ಕತ್ತುಗಳೂ ಒಮ್ಮೆಗೇ ನೆಟ್ಟಗಾಗುತ್ತವೆ. ಕ್ರಿಸ್ತಪೂರ್ವ 390ರಲ್ಲಿ ಗಾಲರು ರಾತ್ರಿ ಗುಡ್ಡ ಹತ್ತಿ ಬಂದಾಗ ಜೂನೋ ದೇವಿಯ ಗುಡಿಯ ಹೆಬ್ಬಾತುಗಳು ಕೂಗಿ ರೋಮನ್ನರನ್ನು ಎಬ್ಬಿಸಿದವು ಎಂಬ ಐತಿಹ್ಯವನ್ನು ಎಲ್ಲರೂ ಹೇಳುತ್ತಾರೆ. ನಮ್ಮ ತೋಟಗಳಲ್ಲಿ ಇವನ್ನು ಸಾಕುವವರೂ ಹಾವು, ಕಳ್ಳರ ಹೆಸರು ಹೇಳಿಯೇ ಸಾಕುತ್ತಾರೆ. ಬರೀ ಚೆಂದಕ್ಕೆಂದು ಸಾಕಿದ್ದೇವೆ ಎನ್ನಲು ರೈತಾಪಿ ಜನಕ್ಕೆ ಸಂಕೋಚ.

ಮಂದೆಯ ವ್ಯವಹಾರದಲ್ಲಿ ನನಗೆ ಎಷ್ಟು ನೋಡಿದರೂ ಸಾಲದೆನಿಸುವುದು ಗೆದ್ದು ಬಂದ ಗಂಡಿನ ಸಂಭ್ರಮ. ಬೀದಿನಾಯಿಯೋ, ಅಪರಿಚಿತನೋ, ಕೆಲವೊಮ್ಮೆ ಬರೀ ಮಣ್ಣು ಹೊರುವ ತಳ್ಳುಗಾಡಿಯೋ ಎದುರಾದಾಗ ಗಂಡು ಕತ್ತನ್ನು ನೆಲಮಟ್ಟಕ್ಕೆ ಚಾಚಿ, ಬುಸುಗುಟ್ಟುತ್ತ ಮೇಲೇರಿ ಹೋಗುತ್ತದೆ. ನಾಯಿ ಹಿಂದೆ ಸರಿಯುತ್ತದೆ. ಗಾಡಿ ಸರಿಯುವುದಿಲ್ಲ, ಆದರೂ ಗಂಡಿನ ಲೆಕ್ಕದಲ್ಲಿ ಅದೂ ಗೆಲುವೇ. ತಕ್ಷಣ ಹಿಂದಿರುಗಿ, ಕತ್ತು ಚಾಚಿಕೊಂಡೇ ತನ್ನ ಹೆಣ್ಣಿನ ಬಳಿಗೆ ಓಡುತ್ತದೆ. ಅವಳ ಮೈಗೆ ನೇರವಾಗಿ ಅಲ್ಲ, ಪಕ್ಕಕ್ಕೆ ಓರೆಯಾಗಿ. ಅವಳೂ ಕತ್ತು ಚಾಚುತ್ತಾಳೆ, ಇಬ್ಬರ ಗಂಟಲೂ ಒಟ್ಟಿಗೆ ಶುರುವಾಗುತ್ತದೆ, ಮರಿಗಳು ಬಂದು ಸೇರಿಕೊಳ್ಳುತ್ತವೆ, ಕೊನೆಗೆ ಯಾರು ಗೆದ್ದರು ಎಂಬುದೇ ಉಳಿಯದಷ್ಟು ಗದ್ದಲ. ಜರ್ಮನಿಯ ಓಸ್ಕರ್ ಹೈನ್ರೋತ್ ಕಳೆದ ಶತಮಾನದ ಆರಂಭದಲ್ಲೇ ಈ ವಿಧಿಯನ್ನು ಗುರುತಿಸಿದ್ದರು. ಅವರ ಹಾದಿ ಹಿಡಿದ ಆಸ್ಟ್ರಿಯಾದ ಕಾನ್ರಾಡ್ ಲೊರೆಂಜ್ ಬದುಕಿನ ಬಹುಪಾಲನ್ನು ಬೂದು ಹೆಬ್ಬಾತುಗಳ ಜೊತೆಯಲ್ಲೇ ಕಳೆದು, ಜೋಡಿಯನ್ನೂ ಕುಟುಂಬವನ್ನೂ ಬೆಸೆಯುವುದು ಇದೇ ಎಂದು ತೋರಿಸಿದರು. 1973ರಲ್ಲಿ ಅವರು ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಅದರಲ್ಲಿ ಹೆಬ್ಬಾತುಗಳ ಪಾಲು ಸಣ್ಣದಲ್ಲ.

ಸಾಕಿದ ಚೀನೀ ತಳಿಯಲ್ಲಿ ಒಂದು ಗಂಡಿಗೆ ನಾಲ್ಕಾರು ಹೆಣ್ಣು ಬಿಡುವುದು ವಾಡಿಕೆ. ಕಾಡಿನ ಏಕಪತ್ನೀವ್ರತ ಇಲ್ಲಿ ಸಡಿಲ. ಆದರೂ ಮನಸ್ಸು ಬರದ ಹೆಣ್ಣನ್ನು ಗಂಡು ತಿರುಗಿಯೂ ನೋಡುವುದಿಲ್ಲ. ಒಗ್ಗುವುದಕ್ಕೆ ವಾರಗಳೇ ಬೇಕು. ಮೊಟ್ಟೆಯ ಕಾಲ ಹತ್ತಿರ ಬಂದಾಗ ಜೋಡಿ ಬದಲಿಸಿದರೆ ಆ ವರ್ಷದ ಮೊಟ್ಟೆಗಳಲ್ಲಿ ಬೀಜ ಕಟ್ಟುವುದು ಕಡಿಮೆ. ಕೂಡುವುದು ನೀರಿನಲ್ಲಾದರೆ ಒಳ್ಳೆಯದು. ಮೊದಲು ಎರಡೂ ಹಕ್ಕಿ ಎದುರುಬದುರಾಗಿ ತೇಲುತ್ತ ಕತ್ತನ್ನು ನೀರಲ್ಲಿ ಅದ್ದಿ ಎತ್ತುತ್ತವೆ, ಒಮ್ಮೆ ಅದು, ಒಮ್ಮೆ ಇದು, ಬರಬರುತ್ತ ಒಟ್ಟೊಟ್ಟಿಗೆ. ತೋಟದ ನೀರಿನ ತೊಟ್ಟಿಯಷ್ಟು ಜಾಗವಿದ್ದರೂ ಈ ಶಾಸ್ತ್ರ ತಪ್ಪಿಸುವುದಿಲ್ಲ.

ಚಳಿ ಶುರುವಾದ ಮೇಲೆ ಹೆಣ್ಣು ತೆಂಗಿನ ಗರಿಯ ರಾಶಿಯ ಹಿಂದೆ ಮರೆ ಹುಡುಕುತ್ತದೆ. ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದು ಮೊಟ್ಟೆ, ಸುಮಾರು ನೂರೈವತ್ತು ಗ್ರಾಂ, ಕೋಳಿಮೊಟ್ಟೆಯ ಮೂರು ಪಾಲು. ಇಟ್ಟು ಏಳುವಾಗ ಕೂತಲ್ಲಿಂದಲೇ ಕತ್ತು ಚಾಚಿ ಒಂದೊಂದೇ ಹುಲ್ಲುಕಡ್ಡಿ ಎಳೆದು ಮೊಟ್ಟೆಯ ಮೇಲೆ ಹೊದಿಸುತ್ತದೆ. ಕಾವಿಗೆ ಕೂರುವ ಹೊತ್ತು ಬಂತೆಂಬುದಕ್ಕೆ ಗುರುತು ತುಪ್ಪುಳ. ತನ್ನ ಎದೆಯಿಂದಲೇ ಕಿತ್ತ ಬೂದುಬಿಳಿ ತುಪ್ಪುಳವನ್ನು ಗೂಡಿಗೆ ಹಾಸುತ್ತದೆ. ನಾನು ಒಮ್ಮೆ ಅದನ್ನು ಬೆರಳಲ್ಲಿ ಹಿಡಿದು ನೋಡಿದೆ. ತೂಕವೇ ಇಲ್ಲ, ಆದರೆ ಅಂಗೈಯಲ್ಲಿಟ್ಟ ಗಳಿಗೆಯಲ್ಲೇ ಅಲ್ಲಿ ಬಿಸುಪು ಹತ್ತಿತು. ಇಪ್ಪತ್ತೆಂಟು, ಮೂವತ್ತು ದಿನ ಅದು ಕೂರುತ್ತದೆ. ದಿನಕ್ಕೊಮ್ಮೆ ಎದ್ದು, ಮೊಟ್ಟೆ ಮುಚ್ಚಿ, ನಾಲ್ಕು ಕುಡಿ ಮೇದು, ನೀರಲ್ಲಿ ಮುಳುಗೆದ್ದು ಒದ್ದೆ ಮೈಯಲ್ಲೇ ಬಂದು ಮತ್ತೆ ಕೂರುತ್ತದೆ. ಯಂತ್ರದಲ್ಲಿ ಮರಿ ಮಾಡಿಸುವವರು ಹೆಬ್ಬಾತಿನ ಮೊಟ್ಟೆಯನ್ನು ದಿನವೂ ಸ್ವಲ್ಪ ಹೊತ್ತು ಆರಲು ಬಿಟ್ಟು ನೀರು ಚಿಮುಕಿಸುವುದು ತಾಯಿಯ ಈ ದಿನಚರಿಯನ್ನು ನೋಡಿಯೇ. ಗಂಡು ಕಾವಿಗೆ ಕೂರುವುದಿಲ್ಲ. ಗೂಡಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿರುತ್ತದೆ. ಆ ದಿನಗಳಲ್ಲಿ ಅದರ ಕಚ್ಚುವಿಕೆಗಿಂತ ರೆಕ್ಕೆಯ ಗೆಣ್ಣಿನ ಪೆಟ್ಟಿಗೆ ಹೆದರಬೇಕು.

ಲೊರೆಂಜ್ ಮತ್ತು ಅವರ ಸಹಸಂಶೋಧಕ ಟಿನ್‌ಬರ್ಗನ್ 1938ರಲ್ಲಿ ಬರೆದ ಒಂದು ಪ್ರಬಂಧ ಈ ಗೂಡಿನ ಅಂಚಿನಲ್ಲಿ ನಡೆಯುವ ಸಣ್ಣ ಕೆಲಸದ ಬಗ್ಗೆ. ಮೊಟ್ಟೆ ಹೊರಗುರುಳಿದರೆ ತಾಯಿ ಕತ್ತು ಚಾಚಿ, ಕೊಕ್ಕಿನ ತಳಭಾಗವನ್ನು ಅದರಾಚೆ ಇಟ್ಟು, ಎದೆಯತ್ತ ಮೆಲ್ಲಗೆ ಉರುಳಿಸಿಕೊಳ್ಳುತ್ತದೆ. ನಡುವೆ ಮೊಟ್ಟೆಯನ್ನು ತೆಗೆದುಬಿಟ್ಟರೂ ಕತ್ತು ನಿಲ್ಲುವುದಿಲ್ಲ. ಇಲ್ಲದ ಮೊಟ್ಟೆಯನ್ನು ಗೂಡಿನ ತನಕ ತಂದು ಮುಟ್ಟಿಸಿಯೇ ವಿರಮಿಸುತ್ತದೆ. ಬುದ್ಧಿ ಕಡಿಮೆ ಎಂದು ಇದಕ್ಕೆ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ, ಹಿಡಿದ ರಾಗವನ್ನು ಷಡ್ಜಕ್ಕೆ ತಂದು ನಿಲ್ಲಿಸಲೇಬೇಕೆಂಬ ಹಟ ಗಾಯಕರಲ್ಲೂ ಉಂಟು.

ಮರಿ ಒಡೆಯುವ ಮುಂಚೆಯೇ ಚಿಪ್ಪಿನೊಳಗಿಂದ ಪಿಸುದನಿ ಕೇಳುತ್ತದೆ, ತಾಯಿ ಮೇಲಿಂದ ಉತ್ತರ ಕೊಡುತ್ತದೆ. ಹೊರಬಂದ ಮರಿ ಮೊದಲ ಒಂದೆರಡು ದಿನದಲ್ಲಿ ಎದುರಿಗೆ ಯಾರು ನಡೆದಾಡುತ್ತಾರೋ ಅವರ ಹಿಂದೆ ಹೋಗುವುದನ್ನು ಕಲಿತುಬಿಡುತ್ತದೆ. ಲೊರೆಂಜರ ಹಿಂದೆ ಮಾರ್ಟಿನಾ ಎಂಬ ಮರಿ ಹಾಗೆಯೇ ಬಿದ್ದದ್ದು. ಚಿಕ್ಕಮ್ಮನ ಯಂತ್ರದಲ್ಲಿ ಒಡೆದ ಒಂದು ತಂಡ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವರ ಕಾಲುಂಗುರದ ಸದ್ದಿಗೆ ಏಳುತ್ತಿತ್ತು. ಅವನ್ನು ನೀರಿಗೆ ಬಿಡಬೇಡ ಎಂದು ಅವರು ನನ್ನನ್ನು ತಡೆದಿದ್ದರು. ತಾಯಿಯ ಮೈಯ ಎಣ್ಣೆ ಹತ್ತದ ಮರಿಯ ತುಪ್ಪುಳ ನೀರು ಕುಡಿದು ಚಳಿಗೆ ಸಿಕ್ಕುತ್ತದೆ. ತಾಯಿಯೊಂದಿಗೆ ಇರುವ ಮರಿಗಳ ಭಾಗ್ಯವೇ ಬೇರೆ. ಮುಂದೆ ಒಬ್ಬರು, ಹಿಂದೆ ಒಬ್ಬರು, ನಡುವೆ ಹಳದಿ ಮರಿಗಳ ಸಾಲು. ಮಂದೆಯ ಉಳಿದ ಹಕ್ಕಿಗಳೂ ಈಗ ದಾರಿ ಬಿಡುತ್ತವೆ, ಏಕೆಂದರೆ ಮರಿ ಇರುವ ಜೋಡಿಗೆ ಮಂದೆಯಲ್ಲಿ ಮೇಲಿನ ಮಣೆ.

ಇವುಗಳಿಗೆ ಇಲ್ಲದ್ದು ಆಕಾಶ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ ಸೇರಿತು. ಅವು ಇವುಗಳ ಜ್ಞಾತಿಗಳೇ, ಜಾತಿ ಬೇರೆ. ತೋಟದವಕ್ಕೆ ಹಾರುವ ಮಟ್ಟಿಗೆ ಮೈ ಭಾರ. ಗಾಳಿ ಎದ್ದ ಸಂಜೆ ಮಾತ್ರ ಏನಾಗುತ್ತದೋ, ಒಂದು ರೆಕ್ಕೆ ಬಿಚ್ಚಿ ಓಡತೊಡಗುತ್ತದೆ, ಮಿಕ್ಕವೂ ಅದರ ಹಿಂದೆ ಅರಚುತ್ತ ಓಡುತ್ತವೆ. ಬೇಲಿಯ ತನಕ ಹೋಗಿ, ನಿಂತು, ಪರಸ್ಪರ ಅಭಿನಂದಿಸಿಕೊಂಡು ನಡೆದು ವಾಪಸಾಗುತ್ತವೆ.

ಮರಿ ಬೇಕೆಂದು ಬರುವವರಲ್ಲಿ ಮಕ್ಕಳ ಆಟಕ್ಕೆ ಒಂದೇ ಒಂದು ಕೊಡಿ ಎನ್ನುವವರೇ ಜಾಸ್ತಿ. ಚಿಕ್ಕಮ್ಮ ಕೊಡುವುದಿಲ್ಲ. "ಒಂಟಿ ಆದ್ರೆ ಅದು ಮೇಯಲ್ಲ ಕಣಪ್ಪ, ಕೂಗಿ ಕೂಗಿ ಕೊರಗುತ್ತೆ. ಮೂರು ತಗೊಂಡೋಗು, ಇಲ್ಲ ಕೋಳಿ ಸಾಕು" ಎನ್ನುತ್ತಾರೆ. ಮೂರು ಒಯ್ದವರು ವಾರ ಕಳೆಯುವುದರೊಳಗೆ ಫೋನ್ ಮಾಡುತ್ತಾರೆ, ಅಕ್ಕಾ, ರಾತ್ರಿಯೆಲ್ಲ ಗಲಾಟೆ, ಏನು ಮಾಡೋದು ಅಂತ. "ಅಂಗಳಕ್ಕೆ ಯಾರೋ ಬಂದಿರಬೇಕು, ಬ್ಯಾಟರಿ ತಗೊಂಡು ಹೋಗಿ ನೋಡಿ" ಎಂದು ಹೇಳಿ ಚಿಕ್ಕಮ್ಮ ಫೋನ್ ಇಡುತ್ತಾರೆ.