ಕುಮಾರವ್ಯಾಸನ ಕೃಷ್ಣನೂ ಈಶ್ವರನ ಸಾಧುತ್ವವೂ

ಲೋಕದ ಸುಖದುಃಖಗಳ ತಾರತಮ್ಯಕ್ಕೆ ಈಶ್ವರನೇ ಕಾರಣನಾದರೆ ಅವನಲ್ಲಿ ಪಕ್ಷಪಾತವೂ ನಿರ್ದಯತೆಯೂ ಇವೆಯೆಂದಾಗುವುದಷ್ಟೆ. ಈ ಆಕ್ಷೇಪಕ್ಕೆ ಬ್ರಹ್ಮಸೂತ್ರವು (2.1.34) ಈಶ್ವರನು ಜೀವರ ಕರ್ಮವನ್ನು ಅಪೇಕ್ಷಿಸಿಯೇ ಸೃಷ್ಟಿಸುವನೆಂದು ಸಮಾಧಾನ ಹೇಳುತ್ತದೆ. ಶಂಕರಾಚಾರ್ಯರು ಇದಕ್ಕೆ ಮಳೆಯ ದೃಷ್ಟಾಂತವನ್ನು ಕೊಡುತ್ತಾರೆ: ಮಳೆಯು ಎಲ್ಲ ಪೈರಿಗೂ ಸಮಾನ, ನೆಲ್ಲು ಜವೆಗಳ ಭೇದವು ಬೀಜದಿಂದಾದುದು.

ಗದುಗಿನ ಭಾರತದ ಕೃಷ್ಣನಿಗೆ ಈ ಸಮಾಧಾನವು ಸಲ್ಲುವುದೇ ಎಂಬುದು ವಿಚಾರಾರ್ಹವಾಗಿದೆ. ಸಂಧಾನವು ಮುರಿದ ಮೇಲೆ ಅವನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸುತ್ತಾನೆ. ತಿಳಿಸಿದುದು ಸತ್ಯವೇ, ಆದರೆ ಅದು ಕರ್ಣನ ಕೈಯನ್ನು ಕಟ್ಟಲೆಂದು ಆಡಿದ ಸತ್ಯ. ಒಡೆಯನ ಋಣವನ್ನು ತೊರೆಯಲಾರದೆ, ಒಡಹುಟ್ಟಿದವರನ್ನು ಕೊಲ್ಲಲಾರದೆ ಕರ್ಣನು ಒಳಗೇ ಬೇಯುತ್ತಾನೆ. ಇಲ್ಲಿ ಈಶ್ವರನು ಎಲ್ಲ ಹೊಲಕ್ಕೂ ಸುರಿಯುವ ಮಳೆಯಲ್ಲ. ಒಂದು ಹೊಲವನ್ನು ತನ್ನದೆಂದು ಆರಿಸಿಕೊಂಡ ಒಕ್ಕಲಿಗನು.

ಕರ್ಣನ ಪೂರ್ವಕರ್ಮವು ಅವನ ಮರಣಕ್ಕೆ ಕಾರಣವೆನ್ನಬಹುದು. ಕೃಷ್ಣನು ಆಡಿದ ಮಾತಿಗೆ ಅದು ಹೊಣೆಯಾಗಲಾರದು. ಧರ್ಮರಕ್ಷಣೆಗಾಗಿ ಹೀಗೆ ಮಾಡಿದನೆಂದರೂ ಸಾಧ್ಯವು ಒಳ್ಳೆಯದೆಂದಾಗುವುದೇ ಹೊರತು ಸಾಧನವು ಒಳ್ಳೆಯದೆಂದಾಗದು. ತನ್ನ ಕಾವ್ಯವನ್ನು ಕೃಷ್ಣಕಥೆಯೆಂದೇ ಕರೆದ ಭಕ್ತಕವಿಯು ಕರ್ಣನ ಸಂಕಟವನ್ನು ಮರೆಮಾಡಲಿಲ್ಲ. ಆದುದರಿಂದ ಅವನ ಭಕ್ತಿಯು ದೇವರು ಸಾಧುವೆಂಬ ತೀರ್ಪನ್ನು ಆಧರಿಸಿದುದಲ್ಲ. ಆ ತೀರ್ಪನ್ನು ಓದುಗನಿಗೆ ಬಿಟ್ಟುಕೊಟ್ಟೂ ಕುಂದದೆ ನಿಂತುದು.