ಸತ್ತ ತಂಡಗಳ ಲೀಗ್

ಮುಚ್ಚಿಹೋದ ಫುಟ್‌ಬಾಲ್ ತಂಡಗಳನ್ನು ಒಟ್ಟುಮಾಡಿ, ಕಾಲ್ಪನಿಕ ಲೀಗೊಂದನ್ನು ಕಟ್ಟಿ, ದಾಳ ಉರುಳಿಸಿ ಪಂದ್ಯಗಳ ಫಲಿತಾಂಶ ಬರೆದಿಡುವ ಹವ್ಯಾಸ ಕೆಲವರಿಗಿದೆ. ನನಗೂ ಇದೆ. ನೋಡಿದವರಿಗೆ ಇದು ಹುಡುಗಾಟ. ನನಗೆ ಇದು ಕತೆ ಕಟ್ಟುವ ಒಂದು ಬಗೆ. ಆದ್ದರಿಂದ ಕತೆಗೆ ಕೇಳುವ ಪ್ರಶ್ನೆಗಳನ್ನೇ ಇದಕ್ಕೂ ಕೇಳಬೇಕು.

ಈ ಹವ್ಯಾಸವನ್ನು ಸಾಹಿತ್ಯವಾಗಿಸಿದ ಕೃತಿ ರಾಬರ್ಟ್ ಕೂವರ್ 1968ರಲ್ಲಿ ಪ್ರಕಟಿಸಿದ ‘ದಿ ಯೂನಿವರ್ಸಲ್ ಬೇಸ್‌ಬಾಲ್ ಅಸೋಸಿಯೇಷನ್’ ಕಾದಂಬರಿ. ಅಲ್ಲಿನ ಆಟ ಬೇಸ್‌ಬಾಲ್. ಹೆನ್ರಿ ವಾ ಎಂಬ ಒಂಟಿ ಲೆಕ್ಕಿಗ ಕಚೇರಿ ಮುಗಿಸಿ ಬಂದು, ದಾಳಗಳ ಬಲದಿಂದ ಇಡೀ ಲೀಗನ್ನು ಮನೆಯಲ್ಲೇ ನಡೆಸುತ್ತಾನೆ. ಒಂದು ದಿನ ದಾಳ ಕೆಟ್ಟದಾಗಿ ಬಿದ್ದು, ಅವನ ಮೆಚ್ಚಿನ ಯುವ ಆಟಗಾರ ಡೇಮನ್ ರುದರ್‌ಫರ್ಡ್ ಚೆಂಡಿನೇಟಿಗೆ ಸಾಯುತ್ತಾನೆ. ಹೆನ್ರಿಗೆ ತಡೆಯಲಾಗುವುದಿಲ್ಲ. ಮುಂದೊಮ್ಮೆ ದಾಳವನ್ನು ಕೈಯಾರೆ ತಿರುಗಿಸಿಟ್ಟು, ಆ ಚೆಂಡು ಎಸೆದವನನ್ನು ಕೊಲ್ಲಿಸುತ್ತಾನೆ. ಅಲ್ಲಿಯವರೆಗೆ ಅವನು ಬರೆಯುತ್ತಿದ್ದುದು ಆ ಲೋಕದ ಚರಿತ್ರೆ. ಅಲ್ಲಿಂದಾಚೆಗೆ ಅವನು ಬರೆಯುವುದು ತನ್ನ ಆಸೆಯನ್ನು ಮಾತ್ರ.

ಹೆನ್ರಿಯ ಆಟಗಾರರು ಪೂರ್ತಿ ಕಲ್ಪಿತರು. ನಿಜವಾಗಿ ಇದ್ದ ತಂಡಗಳನ್ನು ಎತ್ತಿಕೊಂಡರೆ ಹೊಣೆ ಇನ್ನೂ ಹೆಚ್ಚು. ನಾನು ಎತ್ತಿಕೊಂಡದ್ದು 1968ರಿಂದ 1984ರವರೆಗೆ ನಡೆದ ನಾರ್ತ್ ಅಮೆರಿಕನ್ ಸಾಕರ್ ಲೀಗಿನ ತಂಡಗಳನ್ನು. ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ ಈ ಲೀಗಿನದೇ. 1977ರ ಸೆಪ್ಟೆಂಬರಿನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ಗೆ ಬಂದು ಮೋಹನ್ ಬಾಗಾನ್ ಜೊತೆ 2–2 ಸಮ ಮಾಡಿಕೊಂಡು ಹೋದ ತಂಡ ಅದು.

ಮೊದಲ ಪ್ರಶ್ನೆ ಅಂಕಗಳದ್ದು. ಈಗಿನ ಪದ್ಧತಿಯಲ್ಲಿ ಗೆದ್ದರೆ 3, ಡ್ರಾ ಆದರೆ 1. ಆ ಲೀಗಿನಲ್ಲಿ ಗೆಲುವಿಗೆ 6 ಅಂಕ. ಜೊತೆಗೆ ಗೆಲ್ಲಲಿ ಸೋಲಲಿ, ಹೊಡೆದ ಗೋಲಿಗೆ ಒಂದರಂತೆ 3ರವರೆಗೆ ಹೆಚ್ಚುವರಿ ಅಂಕ. 3–4ರಲ್ಲಿ ಸೋತ ತಂಡವೂ 3 ಅಂಕ ಕಟ್ಟಿಕೊಂಡು ಮನೆಗೆ ಹೋಗುತ್ತಿತ್ತು. ಈ ಆಟ ಹೊಸತಾಗಿದ್ದ ಪ್ರೇಕ್ಷಕರಿಗೆ ಹೇಗಾದರೂ ಗೋಲು ತೋರಿಸಬೇಕೆಂಬ ಆತಂಕ ಈ ನಿಯಮದಲ್ಲೇ ಇದೆ. ಅದನ್ನು ಕಿತ್ತು ಈಗಿನ ಪದ್ಧತಿ ಹಾಕಿದರೆ ಲೆಕ್ಕ ಸುಲಭ, ನಿಜ. ಆದರೆ ಅದು ಧಾರವಾಡದ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿ ನಾಟಕ ಆಡಿಸಿದ ಹಾಗೆ. ಪಾತ್ರಗಳ ಹೆಸರು ಉಳಿಯುತ್ತದೆ, ದನಿ ಹೋಗುತ್ತದೆ.

ಎರಡನೆಯ ಪ್ರಶ್ನೆ ಕಷ್ಟದ್ದು: ತಂಡ ಅಂದರೆ ಯಾವುದು? ಸ್ಯಾನ್ ಆಂಟೋನಿಯೊ ಥಂಡರ್ 1975 ಮತ್ತು 1976ರಲ್ಲಿ ಟೆಕ್ಸಾಸಿನಲ್ಲಿ ಆಡಿತು. 1977ಕ್ಕೆ ಸಮುದ್ರ ದಾಟಿ ಹೊನೊಲುಲುಗೆ ಹೋಗಿ ಟೀಮ್ ಹವಾಯಿ ಆಯಿತು. ಅಲ್ಲಿಯೂ ನಿಲ್ಲದೆ, 1978ಕ್ಕೆ ಒಕ್ಲಹೋಮಾಕ್ಕೆ ಬಂದು ತುಲ್ಸಾ ರಫ್‌ನೆಕ್ಸ್ ಆಯಿತು. ಲೀಗ್ ಕಟ್ಟುವವನು ಈ ಮೂರನ್ನು ಮೂರು ತಂಡಗಳಾಗಿ ಇಳಿಸಬಹುದು, ಹೆಸರುಗಳೂ ಚೆನ್ನಾಗಿವೆ. ಹಾಗೆ ಮಾಡಿದರೆ ಹಿಂದೆ ಉಳಿದ ಊರುಗಳಿಗೆ ಆದದ್ದೇನು ಎಂಬುದು ಅಳಿಸಿಹೋಗುತ್ತದೆ. ಒಂದೇ ತಂಡವೆಂದು ಹಿಡಿದರೆ, ಹವಾಯಿಯಲ್ಲಿ ಒಂದೇ ವರ್ಷ ಚಪ್ಪಾಳೆ ತಟ್ಟಿದವರು ಯಾರ ಕಡೆಯವರು? ಊರು ಬದಲಿಸುವಾಗ ಏನು ಜೊತೆಗೆ ಬರುತ್ತದೆ, ಏನು ಬರುವುದಿಲ್ಲ ಎಂಬುದು ಈ ಪತ್ರಿಕೆ ಓದುವವರಿಗೆ ಹೊಸ ಪ್ರಶ್ನೆಯಲ್ಲ. ನಾನು ಒಂದೇ ತಂಡವೆಂದು ಹಿಡಿದೆ; ಆದರೆ ಹಳೆಯ ಊರಿನ ಪುಟವನ್ನು ಹರಿಯದೆ, ಖಾಲಿ ಮೈದಾನವೆಂದು ಬರೆದು ಹಾಗೇ ಇಟ್ಟೆ.

ಮೂರನೆಯದು ಸಾವು. ನನ್ನ ಲೀಗಿನಲ್ಲಿ ಋತು ಮುಗಿದಾಗ ಪ್ರತಿ ತಂಡದ ಹೆಸರಲ್ಲೂ ಎರಡು ದಾಳ ಉರುಳಬೇಕು. ಎರಡರಲ್ಲೂ ಒಂದೇ ಬಿದ್ದರೆ ಆ ತಂಡ ದಿವಾಳಿ. ನಾಲ್ಕನೆಯ ಋತುವಿನಲ್ಲಿ ತುಲ್ಸಾಕ್ಕೆ ಹಾಗೆ ಬಿತ್ತು. ನನಗೆ ತುಂಬ ಇಷ್ಟವಾದ ತಂಡ. ದಾಳ ಮೇಜಿನ ಕಾಲಿಗೆ ತಾಗಿತು ಎಂದು ನೆಪ ಹೇಳಿಕೊಂಡು ಇನ್ನೊಮ್ಮೆ ಉರುಳಿಸಿದೆ. ತುಲ್ಸಾ ಉಳಿಯಿತು, ಮುಂದಿನ ಋತುವನ್ನು ಗೆದ್ದೂಬಿಟ್ಟಿತು. ಆ ಗೆಲುವನ್ನು ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ.

ನಿಜವಾದ ತುಲ್ಸಾ 1983ರಲ್ಲಿ ಟೊರೊಂಟೊ ಬ್ಲಿಜರ್ಡ್ ತಂಡವನ್ನು 2–0ರಿಂದ ಸೋಲಿಸಿ ಚಾಂಪಿಯನ್ ಆಗಿತ್ತು. 1984ರ ಋತುವಿನ ನಂತರ ತಂಡವೂ ಇರಲಿಲ್ಲ, ಲೀಗೂ ಇರಲಿಲ್ಲ. ಆ ಊರಿನ ಅಭಿಮಾನಿಗಳಿಗೆ ಎರಡನೆಯ ಸಲ ದಾಳ ಉರುಳಿಸುವ ಅವಕಾಶವನ್ನು ಯಾರೂ ಕೊಟ್ಟಿರಲಿಲ್ಲ. ಅವರು ಕಳೆದುಕೊಂಡದ್ದನ್ನು ನಾನು ಬಿಟ್ಟಿಯಾಗಿ ಗೆದ್ದುಕೊಂಡಿದ್ದೆ.

ಕೂವರ್ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಹೆನ್ರಿ ಇಲ್ಲ. ಬಹುಕಾಲದ ನಂತರದ ಆಟಗಾರರು ಡೇಮನ್‌ನ ಸಾವನ್ನು ಒಂದು ಆಚರಣೆಯಂತೆ ಮತ್ತೆ ಆಡುತ್ತಾರೆ. ಕಟ್ಟಿದವನು ಹೊರಟುಹೋದರೂ ಆ ಸಾವು ಉಳಿದಿದೆ. ಇಂಥ ಲೀಗುಗಳ ಬೆಲೆ ಅಳೆಯಲು ನನಗೆ ಸಿಕ್ಕ ಅಳತೆಗೋಲು ಇದೇ: ಅದರಲ್ಲಿ ಕಟ್ಟಿದವನಿಗೆ ಬೇಡವಾದದ್ದು ನಡೆಯಬಲ್ಲದೆ? ನಡೆಯದಿದ್ದರೆ ಅದು ಬರೀ ಹೆಸರುಗಳ ಪಟ್ಟಿ.

ನಾನು ಐದನೆಯ ಋತುವಿನ ಪುಟಗಳನ್ನೆಲ್ಲ ಗೀಟು ಎಳೆದು ಹೊಡೆದುಹಾಕಿದೆ. ತುಲ್ಸಾ ಇಲ್ಲದೆ ಮೊದಲಿನಿಂದ ಶುರುಮಾಡಿದ್ದೇನೆ.