ಹೆಸರು ಕೇಳದ ಯುದ್ಧ: ಅನ್ಯಗ್ರಹ ಶೂಟರ್ ಆಟಗಳ ಪರಂಪರೆ ಮತ್ತು ತುಮಕೂರು ಸೀಮೆಯ ರಂಗವಿವೇಕ

ಟಿವಿಗೆ ಜೋಡಿಸಿ ಮನೆಯಲ್ಲೇ ಆಡುವ ಯಂತ್ರವನ್ನು ಕನ್ಸೋಲ್ ಎಂದೂ, ಆಡುವವನ ಕಣ್ಣಿನ ಎತ್ತರದಿಂದಲೇ ಇಡೀ ಲೋಕ ಕಾಣಿಸಿ ಪರದೆಯ ಕೆಳಗಂಚಿನಲ್ಲಿ ಅವನ ಕೈಯ ಬಂದೂಕು ಮಾತ್ರ ಗೋಚರಿಸುವ ಆಟಗಳನ್ನು ಫಸ್ಟ್ ಪರ್ಸನ್ ಶೂಟರ್ ಎಂದೂ ಕರೆಯುವುದು ರೂಢಿ. ಈ ಬಗೆಯ ಆಟಗಳಲ್ಲಿ ಬಂದೂಕಿನ ಎದುರು ಮತ್ತೆ ಮತ್ತೆ ಬಂದು ನಿಲ್ಲುವುದು ಅನ್ಯಗ್ರಹ ಜೀವಿ. ಅದಕ್ಕೆ ಕಾರಣ ಸರಳವಾಗಿದೆ: ಮನುಷ್ಯನನ್ನು ಕೊಲ್ಲುವಾಗ ಅವನು ಯಾವ ದೇಶದವನು, ಯಾರ ಮಗ, ಯಾವ ತಪ್ಪಿಗೆ ಈ ಶಿಕ್ಷೆ ಎಂಬ ಪ್ರಶ್ನೆಗಳು ಏಳಬಹುದು, ಬೇರೆ ಲೋಕದಿಂದ ಬಂದ, ಕಾಲು ಕೈಗಳ ಲೆಕ್ಕವೇ ತಿಳಿಯದ ಜೀವಿಯನ್ನು ಕೊಲ್ಲುವಾಗ ಅಂಥ ಪ್ರಶ್ನೆ ಏಳುವುದಿಲ್ಲ. ತಂತ್ರಜ್ಞಾನದ ದೃಷ್ಟಿಯಿಂದ ಈ ಪರಂಪರೆಯ ಸಾಧನೆ ದೊಡ್ಡದು ಎಂಬುದರಲ್ಲಿ ವಿವಾದವಿಲ್ಲ. ಆದರೆ ಕಲೆಯಾಗಿ ಅದನ್ನು ತೂಗುವಾಗ, ಅದು ತನ್ನ ಎದುರಾಳಿಗೆ ಮಾತನಾಡಲು ಎಷ್ಟು ಅವಕಾಶ ಕೊಟ್ಟಿದೆ ಎಂಬ ಅಳತೆಗೋಲನ್ನೂ ಹಿಡಿಯಬೇಕಾಗುತ್ತದೆ. ರಾಕ್ಷಸರನ್ನೂ ದುರ್ಯೋಧನನನ್ನೂ ತಲೆತಲಾಂತರದಿಂದ ರಂಗದ ಮೇಲೆ ಕಂಡಿರುವ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಓದುಗರಿಗೆ ಆ ಅಳತೆಗೋಲು ಹೊರಗಿನಿಂದ ತಂದದ್ದಾಗಿ ತೋರಲಾರದು.

ಅನ್ಯಗ್ರಹ ಜೀವಿಗಳ ದಾಳಿಯ ಕಥೆಗೆ ಆಧುನಿಕ ರೂಪ ಕೊಟ್ಟವನು ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್. 1898ರಲ್ಲಿ ಪುಸ್ತಕವಾಗಿ ಬಂದ ಅವನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯಲ್ಲಿ ಮಂಗಳ ಗ್ರಹದವರು ಇಂಗ್ಲೆಂಡನ್ನು ಧ್ವಂಸ ಮಾಡುತ್ತಾರೆ. ಆದರೆ ಮೊದಲ ಅಧ್ಯಾಯದಲ್ಲೇ ಲೇಖಕ, ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಯುರೋಪಿಯನ್ನರು ಅಳಿಸಿಹಾಕಿದ್ದನ್ನು ನೆನಪಿಸಿ, ಮಂಗಳದವರನ್ನು ದೂರುವ ಹಕ್ಕು ಇಂಗ್ಲಿಷರಿಗಿದೆಯೇ ಎಂದು ಕೇಳುತ್ತಾನೆ. ಸಾಮ್ರಾಜ್ಯವು ತನ್ನ ಮುಖವನ್ನೇ ಶತ್ರುವಿನಲ್ಲಿ ನೋಡಿಕೊಳ್ಳುವಂತೆ ಮಾಡಿದ ಕಥೆ ಅದು. ಎಂಬತ್ತು ವರ್ಷಗಳ ನಂತರ, 1978ರಲ್ಲಿ, ಜಪಾನಿನ ತೊಮೊಹಿರೊ ನಿಶಿಕಾಡೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟವು ವೆಲ್ಸ್‌ನ ಮಂಗಳಜೀವಿಗಳಿಂದ ಆಕಾರವನ್ನು ಪಡೆದುಕೊಂಡಿತು, ಪ್ರಶ್ನೆಯನ್ನು ಕೈಬಿಟ್ಟಿತು. ಸಾಲುಗಟ್ಟಿ ಕೆಳಗಿಳಿಯುವ ಆ ಜೀವಿಗಳು ಯಾಕೆ ಬಂದವೆಂದು ಯಾರೂ ಹೇಳಲಿಲ್ಲ, ಹೇಳಬೇಕಾದ ಅಗತ್ಯವೂ ಆಟಕ್ಕೆ ಬೀಳಲಿಲ್ಲ. 1980ರಲ್ಲಿ ಅಟಾರಿ ಕನ್ಸೋಲ್‌ಗೆ ಬಂದ ಅದರ ರೂಪವು ಮನೆಯಲ್ಲಿ ಆಟವಾಡುವ ಯಂತ್ರಗಳಿಗೆ ದೊಡ್ಡ ಮಾರುಕಟ್ಟೆಯನ್ನೇ ತೆರೆಯಿತು. 1986ರ ಜೇಮ್ಸ್ ಕ್ಯಾಮರೂನ್ ಚಿತ್ರ ‘ಏಲಿಯನ್ಸ್’ ಇದಕ್ಕೆ ಸೈನಿಕ, ಬಂದೂಕು, ಕತ್ತಲೆಯ ಓಣಿಗಳ ದೃಶ್ಯಭಾಷೆಯನ್ನು ಕೊಟ್ಟಿತು. 1993ರ ಡಿಸೆಂಬರ್‌ನಲ್ಲಿ ಇಡ್ ಸಾಫ್ಟ್‌ವೇರ್ ಹೊರತಂದ ‘ಡೂಮ್’ ಆ ಭಾಷೆಯನ್ನು ಆಡುವವನ ಕಣ್ಣಿಗೇ ಕಟ್ಟಿತು.

ಭಾರತದ ಊರುಗಳಿಗೆ ಈ ಪರಂಪರೆ ಬಂದದ್ದು ಬೇರೊಂದು ದಾರಿಯಿಂದ. 1990ರ ದಶಕದಲ್ಲಿ ಜಪಾನಿನ ನಿಂಟೆಂಡೊ ಯಂತ್ರದ ಅಗ್ಗದ ನಕಲುಗಳು ಮಧ್ಯಮ ವರ್ಗದ ಮನೆಗಳಲ್ಲಿ ‘ಟಿವಿ ಗೇಮ್’, ‘ವಿಡಿಯೊ ಗೇಮ್’ ಎಂಬ ಹೆಸರಿನಲ್ಲಿ ನೆಲೆಸಿದವು. ಅವುಗಳೊಳಗೆ ತೂರಿಸುವ ಪ್ಲಾಸ್ಟಿಕ್ ಪೆಟ್ಟಿಗೆಗೆ ಹಾಡಿನ ಕ್ಯಾಸೆಟ್ಟಿನ ಹೆಸರೇ ಅಂಟಿಕೊಂಡಿತು. ಆ ಕ್ಯಾಸೆಟ್ಟುಗಳಲ್ಲಿ ಬಹಳ ಜನಪ್ರಿಯವಾಗಿದ್ದ, ಕೊನಾಮಿ ಸಂಸ್ಥೆ 1987ರಲ್ಲಿ ರೂಪಿಸಿದ ‘ಕಾಂಟ್ರಾ’ ಪಕ್ಕದಿಂದ ಕಾಣುವ ಆಟವೇ ಹೊರತು ಆಡುವವನ ಕಣ್ಣಿನ ಆಟವಲ್ಲ. ಆದರೂ ಕಾಡಿನಲ್ಲಿ ಶುರುವಾಗಿ ಅನ್ಯಗ್ರಹ ಜೀವಿಯ ಹೃದಯಕ್ಕೆ ಗುಂಡಿಡುವುದರಲ್ಲಿ ಮುಗಿಯುವ ಅದರ ಕಥೆಯನ್ನು ಕಥೆಯೆಂದು ಗಮನಿಸದೆಯೇ ಒಂದು ತಲೆಮಾರು ಆಡಿ ಮುಗಿಸಿತು ಎಂಬುದು ಅರ್ಥಪೂರ್ಣ. ಎಕ್ಸ್‌ಬಾಕ್ಸ್ 360 ಭಾರತದ ಮಾರುಕಟ್ಟೆಗೆ ಬಂದದ್ದು 2006ರ ಸೆಪ್ಟೆಂಬರ್‌ನಲ್ಲಿ. ಪ್ಲೇಸ್ಟೇಷನ್ 3 ಬಂದದ್ದು 2007ರ ಏಪ್ರಿಲ್‌ನಲ್ಲಿ, 39,990 ರೂಪಾಯಿ ಬೆಲೆಗೆ. ಅಷ್ಟು ಹಣ ಸಣ್ಣ ಊರುಗಳ ಬಹುಪಾಲು ಮನೆಗಳ ಅಳವಿಗೆ ಮೀರಿದ್ದರಿಂದ, ಈ ಪರಂಪರೆಯ ಅತ್ಯುತ್ತಮ ಕೃತಿಗಳು ಇಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಆಡುವ ಪಾರ್ಲರುಗಳ ಮೂಲಕವೋ ನೆಂಟರ ಮನೆಯ ಯಂತ್ರದ ಮೂಲಕವೋ ಬಿಡಿಬಿಡಿಯಾಗಿಯೇ ಪರಿಚಯವಾಗಬೇಕಾಯಿತು.

ಕುಶಲತೆಯ ಮಾತನ್ನು ಮೊದಲು ಮುಗಿಸುವುದು ಒಳ್ಳೆಯದು, ಏಕೆಂದರೆ ಈ ಪರಂಪರೆಯ ನಿಜವಾದ ಕೊಡುಗೆ ಇರುವುದು ಅಲ್ಲಿ. ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಗುರಿಯಿಡುವುದು ಸಲೀಸು; ಎರಡೂ ಹೆಬ್ಬೆರಳುಗಳಿಂದ ನಡೆಸುವ ಕೈಗಡ್ಡಿಯಲ್ಲಿ, ಅಂದರೆ ಕಂಟ್ರೋಲರ್‌ನಲ್ಲಿ, ಅದು ಕಷ್ಟ. 2000ದಲ್ಲಿ ಆರ್ಗೊನಾಟ್ ಸಂಸ್ಥೆ ಪ್ಲೇಸ್ಟೇಷನ್‌ಗಾಗಿ ರೂಪಿಸಿದ ‘ಏಲಿಯನ್ ರಿಸರೆಕ್ಷನ್’, ಎಡಗಡ್ಡಿಯಿಂದ ನಡೆಯುವುದು, ಬಲಗಡ್ಡಿಯಿಂದ ನೋಡುವುದು ಎಂಬ ಏರ್ಪಾಡನ್ನು ಮೊದಮೊದಲು ಬಳಸಿದ ಆಟಗಳಲ್ಲೊಂದು. ಆಗಿನ ವಿಮರ್ಶೆಯೊಂದು ಇದನ್ನೇ ಆಟದ ದೊಡ್ಡ ದೋಷವೆಂದು ಎಣಿಸಿತ್ತು. ಮರುವರ್ಷದ ನವೆಂಬರ್‌ನಲ್ಲಿ ಬಂಜಿ ಸಂಸ್ಥೆಯ ‘ಹೇಲೊ’ ಮೊದಲ ಎಕ್ಸ್‌ಬಾಕ್ಸ್ ಯಂತ್ರದೊಡನೆ ಬಂದಾಗ ಅದೇ ಏರ್ಪಾಡು ಸಹಜವೆನ್ನಿಸಿತು. ಗುರಿಯ ಗುರುತು ಶತ್ರುವಿನ ಮೇಲೆ ಹಾಯುವಾಗ ತುಸು ನಿಧಾನವಾಗುವಂತೆ, ಏಟು ಬಿದ್ದ ನಂತರ ಕೆಲವು ಕ್ಷಣ ಮರೆಯಲ್ಲಿ ನಿಂತರೆ ರಕ್ಷಾಕವಚ ತಾನೇ ತುಂಬಿಕೊಳ್ಳುವಂತೆ, ಏಕಕಾಲಕ್ಕೆ ಎರಡೇ ಆಯುಧ ಹೊರಬಲ್ಲಂತೆ ಮಾಡಿದ ಅದರ ನಿಯಮಗಳು ಹೆಬ್ಬೆರಳಿನ ಮಿತಿಯನ್ನೇ ಲಯವಾಗಿ ಪರಿವರ್ತಿಸಿದವು. ನುಗ್ಗುವುದು, ಹಿಂಜರಿಯುವುದು, ಉಸಿರು ತೆಗೆದುಕೊಳ್ಳುವುದು, ಮತ್ತೆ ನುಗ್ಗುವುದು ಎಂಬ ಈ ಲಯ ಆನಂತರದ ಬಹುತೇಕ ಶೂಟರ್ ಆಟಗಳಿಗೆ ಆಸ್ತಿಯಾಗಿ ಬಂತು.

ಹೇಲೊದ ಎರಡನೆಯ ಸಾಧನೆ ಅದರ ಶತ್ರುಗಳ ನಡತೆ. ಕವೆನಂಟ್ ಎಂಬ ಹೆಸರಿನ, ಹಲವು ಜಾತಿಯ ಜೀವಿಗಳು ಒಂದೇ ಮತದ ಕೆಳಗೆ ಕೂಡಿದ ಸೈನ್ಯದಲ್ಲಿ ಗ್ರಂಟ್ ಎಂಬ ಕುಳ್ಳ ಕಾಲಾಳುಗಳು ತಮ್ಮ ನಾಯಕ ಬಿದ್ದ ತಕ್ಷಣ ಕೈಚೆಲ್ಲಿ ಚೀರುತ್ತಾ ಓಡುತ್ತವೆ. ಭಯವನ್ನು ಹೀಗೆ ಕಾಣಿಸಿದ್ದರಿಂದ ಕೊಲ್ಲುವ ಕ್ರಿಯೆಗೆ ಮೊದಲ ಬಾರಿ ಸಣ್ಣದೊಂದು ಮುಜುಗರ ಸೇರಬಹುದಾಗಿತ್ತು. ಆದರೆ ಆಟ ಆ ಭಯವನ್ನು ಬಳಸಿಕೊಂಡದ್ದು ನಗೆಗಾಗಿ. ಕಥೆಯ ಮಧ್ಯದಲ್ಲಿ ಫ್ಲಡ್ ಎಂಬ, ಹೆಣಗಳನ್ನೇ ಹೊಕ್ಕು ನಡೆಸುವ ಪರೋಪಜೀವಿಗಳು ಬಂದ ಮೇಲಂತೂ ಆಟ ಮತ್ತೆ ಸ್ಪೇಸ್ ಇನ್ವೇಡರ್ಸ್‌ನ ಮೌನಕ್ಕೇ ಮರಳುತ್ತದೆ.

ಈ ಮೌನ ಎಷ್ಟು ಬಡವೆಂಬುದು ತುಮಕೂರು ಸೀಮೆಯ ಆಟಗಳ ಪಕ್ಕದಲ್ಲಿಟ್ಟಾಗ ಸ್ಪಷ್ಟವಾಗುತ್ತದೆ. ಕರಾವಳಿಯ ಯಕ್ಷಗಾನಕ್ಕಿಂತ ಭಿನ್ನವಾಗಿ ಬಯಲುಸೀಮೆಯಲ್ಲಿ ಬೆಳೆದ, ತುಮಕೂರು, ಮಂಡ್ಯ, ಹಾಸನ ಭಾಗಗಳಲ್ಲಿ ಇಂದಿಗೂ ಉಳಿದಿರುವ ಮೂಡಲಪಾಯ ಬಯಲಾಟದಲ್ಲಿ ಪಾತ್ರವೊಂದು ರಂಗಕ್ಕೆ ಬಂದೊಡನೆ ಸಾರಥಿ ಎಂಬ ಪಾತ್ರಧಾರಿ ಅದನ್ನು ತಡೆದು ನಿಲ್ಲಿಸಿ ಯಾರು, ಎಲ್ಲಿಯವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಬಂದವನು ತನ್ನ ಹೆಸರು, ಊರು, ಕುಲ, ಪರಾಕ್ರಮಗಳನ್ನು ಹೇಳಿಕೊಂಡ ಮೇಲೆಯೇ ಕಥೆ ಮುಂದೆ ಸಾಗುತ್ತದೆ. ಈ ಕಟ್ಟಳೆ ರಾಜನಿಗೆ ಎಷ್ಟೋ ರಾಕ್ಷಸನಿಗೂ ಅಷ್ಟೇ. ಬೆಳಗಾಗುವುದರೊಳಗೆ ಸಾಯಲಿರುವ ರಾಕ್ಷಸನಿಗೂ ಕಿರೀಟ, ಭುಜಕೀರ್ತಿ, ಪದ್ಯ, ಕುಣಿತಗಳು ಇವೆ. ಅವನ ಅಬ್ಬರದ ಪ್ರವೇಶಕ್ಕಾಗಿಯೇ ಮಕ್ಕಳು ಎದ್ದು ಕೂರುತ್ತಾರೆ.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಇದೇ ಸೀಮೆಯದು. ಆ ಕಂಪನಿಯನ್ನು ದಕ್ಷಿಣ ಭಾರತದಲ್ಲೆಲ್ಲ ಹೆಸರಾಗಿಸಿದ ಗುಬ್ಬಿ ವೀರಣ್ಣನವರು (1891–1972) 1934ರಲ್ಲಿ ‘ಕುರುಕ್ಷೇತ್ರ’ವನ್ನು ನಿಜವಾದ ಆನೆ ಕುದುರೆಗಳೊಡನೆ ಆಡಿಸಿದರು. ಕಣ್ಣು ಕೋರೈಸುವ ಅದ್ಧೂರಿಯಲ್ಲಿ ಈ ರಂಗಭೂಮಿ ವಿಡಿಯೊ ಗೇಮ್‌ಗಳ ಹಿರಿಯಣ್ಣನೇ ಸರಿ. ಬೆರಗನ್ನು ಮಾರಾಟಕ್ಕಿಟ್ಟ ಉದ್ಯಮವೂ ಅದಾಗಿತ್ತು. ಆದರೆ ಬೆರಗು ಎದುರಾಳಿಯ ಮಾತನ್ನು ನುಂಗಿಹಾಕಲಿಲ್ಲ. ಆ ಪರಂಪರೆಯಿಂದ ಬೆಳೆದು, ಇಂದು ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಲಿನ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ಕಲಿತು, ಬಾಡಿಗೆಗೆ ಸೀನರಿ ತರಿಸಿ ಹವ್ಯಾಸಿಗಳು ಆಡುವ ಪೌರಾಣಿಕ ನಾಟಕಗಳಲ್ಲಿ ಪಾತ್ರ ಬೇಕಾದವರು ಅದಕ್ಕೆ ತಾವೇ ಹಣ ಕಟ್ಟುವ ಪದ್ಧತಿಯಿದೆ. ಕೃಷ್ಣನ ಜೊತೆಗೆ ಅತಿ ಹೆಚ್ಚು ಬೇಡಿಕೆಯಿರುವುದು ದುರ್ಯೋಧನನ ಪಾತ್ರಕ್ಕೆ. ಸೋಲುವವನೆಂದು ಎಲ್ಲರಿಗೂ ಗೊತ್ತಿರುವ, ಅಧರ್ಮದ ಪಕ್ಷದವನೆಂದು ಕಥೆಯೇ ಹೇಳುವ ಪಾತ್ರವಾಗಲು ಊರಿನವರು ಕೈಯಿಂದ ದುಡ್ಡು ಹಾಕುತ್ತಾರೆಂದರೆ, ಶತ್ರುವಿನ ಒಳಗನ್ನು ಹೊಕ್ಕು ನೋಡುವ ಆಸೆ ಜನಪ್ರಿಯ ಕಲೆಗೆ ಭಾರವಲ್ಲ, ಅದೇ ಅದರ ಬಂಡವಾಳ ಎಂದಾಯಿತು.

ಈ ರಂಗಪರಂಪರೆಯನ್ನು ಆದರ್ಶವೆಂದು ಎತ್ತಿಹಿಡಿಯಬೇಕಾದ ಅಗತ್ಯವಿಲ್ಲ. ಶೂರ್ಪನಖಿಯ ಅವಮಾನವನ್ನು ಅದು ಬಹುಕಾಲ ನಗೆಯ ಸರಕಾಗಿಯೇ ಬಳಸಿದೆ. ಮಾತು ದೊರೆತ ಮಾತ್ರಕ್ಕೆ ಯಾವ ರಾಕ್ಷಸನೂ ಬದುಕಿ ಉಳಿದಿಲ್ಲ. ಎದುರಾಳಿ ಸಾಯುವುದು ಇಲ್ಲೂ ಖಂಡಿತ. ಆದರೆ ಸಾಯುವವನು ಏನನ್ನು ಬಯಸಿದ್ದನೆಂದು ತಿಳಿದುಕೊಂಡೇ ನೋಡುಗ ಮನೆಗೆ ಹೋಗುತ್ತಾನೆ, ಆ ತಿಳಿವಳಿಕೆಯಿಂದ ಗೆದ್ದವನ ಗೆಲುವಿಗೂ ತೂಕ ಬರುತ್ತದೆ.

ಅನ್ಯಗ್ರಹ ಶೂಟರ್‌ಗಳಿಗೆ ಇದು ಅಸಾಧ್ಯವಾದ ಬೇಡಿಕೆಯೇನಲ್ಲ ಎಂಬುದಕ್ಕೆ ಸಾಕ್ಷಿ ಆ ಪರಂಪರೆಯೊಳಗೇ ಇದೆ. 1994ರಲ್ಲಿ ಅಟಾರಿ ಜಾಗ್ವಾರ್ ಯಂತ್ರಕ್ಕೆ ರೆಬೆಲಿಯನ್ ಸಂಸ್ಥೆ ರೂಪಿಸಿದ ‘ಏಲಿಯನ್ ವರ್ಸಸ್ ಪ್ರಿಡೇಟರ್’ ಆಟದಲ್ಲಿ ಸೈನಿಕನಾಗಿ, ಬೇಟೆಗಾರ ಪ್ರಿಡೇಟರ್ ಆಗಿ, ಕೊನೆಗೆ ಬಂದೂಕೇ ಇಲ್ಲದ ಏಲಿಯನ್ ಆಗಿಯೂ ಆಡಬಹುದಿತ್ತು; ಅದೇ ಓಣಿ ಮೂರು ಜೋಡಿ ಕಣ್ಣುಗಳಿಗೆ ಮೂರು ಬಗೆಯಾಗಿ ಕಂಡಿತು. 2002ರ ‘ಮೆಟ್ರಾಯ್ಡ್ ಪ್ರೈಮ್’ನಲ್ಲಿ ಗುಂಡಿಡುವ ಮುನ್ನ ಶತ್ರುವನ್ನು ಸ್ಕ್ಯಾನ್ ಮಾಡಿ ಅದರ ವಿವರ ಓದುವ ಕನ್ನಡಕವಿದೆ, ಸ್ಪೇಸ್ ಪೈರೇಟ್‌ಗಳೆಂಬ ಎದುರಾಳಿಗಳು ಬರೆದಿಟ್ಟ ದಾಖಲೆಗಳಲ್ಲಿ ಅವರ ಪ್ರಯೋಗಗಳು, ಅವರ ಸೋಲುಗಳು, ನಾಯಕಿಯ ಬಗ್ಗೆ ಅವರಿಗಿರುವ ಭಯವೂ ಸಿಗುತ್ತವೆ. ಮೂಡಲಪಾಯದ ಸಾರಥಿಯ ಕೆಲಸವನ್ನು ಇಲ್ಲಿ ಒಂದು ಕನ್ನಡಕ ಮಾಡುತ್ತದೆ ಎನ್ನಬಹುದು.

ಇವೆಲ್ಲಕ್ಕಿಂತ ಧೈರ್ಯದ ಹೆಜ್ಜೆ 2004ರ ನವೆಂಬರ್‌ನಲ್ಲಿ ಬಂದ ‘ಹೇಲೊ 2’ರದು. ಮೊದಲ ಆಟದ ಸೋಲಿಗೆ ಹೊಣೆಯಾಗಿಸಿ ಸ್ವಂತದವರೇ ಅವಮಾನಿಸಿದ ಕವೆನಂಟ್ ಸೇನಾಪತಿ ಅದರಲ್ಲಿ ಆರ್ಬಿಟರ್ ಎಂಬ ಪದವಿ ಹೊತ್ತು ಎರಡನೆಯ ನಾಯಕನಾಗುತ್ತಾನೆ. ಅರ್ಧ ಆಟವನ್ನು ಅವನಾಗಿಯೇ ಆಡಬೇಕು, ತಾನು ನಂಬಿದ ಮತವೇ ಸುಳ್ಳೆಂದು ಅವನು ಅರಿಯುವುದನ್ನು ಆಡುವವನೇ ಅನುಭವಿಸಬೇಕು. ಶತ್ರುವಿನ ಮುಖವಾಡ ಒಳಗಿನಿಂದ ಹೇಗೆ ಕಾಣುತ್ತದೆಂದು ತೋರಿಸಿದ ಈ ಭಾಗದ ಬಗ್ಗೆ ಆಟಗಾರರಲ್ಲಿ ಹಲವರು ಗೊಣಗಿದರು, ತಮ್ಮ ಪರಿಚಿತ ನಾಯಕನೇ ಬೇಕೆಂದರು. 2007ರ ‘ಹೇಲೊ 3’ರಲ್ಲಿ ಆರ್ಬಿಟರ್ ಒಬ್ಬ ಜೊತೆಗಾರನಾಗಿ ಹಿಂದೆ ಸರಿದ, ಇಬ್ಬರು ಕೂಡಿ ಆಡಿದಾಗ ಎರಡನೆಯವನಿಗೆ ಮಾತ್ರ ಅವನ ವೇಷ ಸಿಕ್ಕಿತು. 2012ರ ‘ಹೇಲೊ 4’ ಬರುವ ಹೊತ್ತಿಗೆ ಸ್ಪರ್ಧೆಯ ಆಟಗಳಲ್ಲೂ ಅವನ ಕುಲದ ರೂಪ ತೊಡುವ ಅವಕಾಶ ಇಲ್ಲವಾಯಿತು. ಎದುರಾಳಿಯ ಪಾತ್ರಕ್ಕೆ ಊರವರೇ ಹಣ ಕಟ್ಟುವ ಸೀಮೆಯಿಂದ ನೋಡುವವರಿಗೆ ಈ ಹಿಂಜರಿಕೆ ವ್ಯಾಪಾರದ ಜಾಣತನಕ್ಕಿಂತ ಕಲ್ಪನೆಯ ಸೋಲಾಗಿ ಕಾಣುತ್ತದೆ.

2006ರ ಕೊನೆಯಲ್ಲಿ ಪ್ಲೇಸ್ಟೇಷನ್ 3ರೊಡನೆ ಬಂದ ‘ರೆಸಿಸ್ಟೆನ್ಸ್: ಫಾಲ್ ಆಫ್ ಮ್ಯಾನ್’ ಇದಕ್ಕೆ ಇನ್ನೊಂದು ನಿದರ್ಶನ. 1951ರ ಕಲ್ಪಿತ ಬ್ರಿಟನ್ನಿನಲ್ಲಿ ನಡೆಯುವ ಅದರ ಕಥೆಯಲ್ಲಿ ಕೈಮೆರಾ ಎಂಬ ಶತ್ರುಗಳು ಸೋಂಕು ತಗುಲಿ ರೂಪಾಂತರಗೊಂಡ ಮನುಷ್ಯರೇ. 2007ರಲ್ಲಿ ಮ್ಯಾಂಚೆಸ್ಟರ್ ಕೆಥೆಡ್ರಲ್ಲಿನೊಳಗೆ ಗುಂಡಿನ ಕಾಳಗ ತೋರಿಸಿದ್ದಕ್ಕೆ ಇಂಗ್ಲೆಂಡಿನ ಚರ್ಚು ಪ್ರತಿಭಟಿಸಿತು, ಸೋನಿ ಕ್ಷಮೆ ಕೇಳಿತು. ಪವಿತ್ರ ಸ್ಥಳದ ಪರವಾಗಿ ಎದ್ದ ಆ ವಾದ ಸಮಂಜಸವೇ ಇರಬಹುದು. ಆದರೆ ನಿನ್ನೆಯವರೆಗೆ ಅದೇ ಊರಿನವರಾಗಿದ್ದವರನ್ನು ಸಾಲುಸಾಲಾಗಿ ಉರುಳಿಸುವ ಆಟ ಅವರಲ್ಲೊಬ್ಬನ ನೆನಪನ್ನಾದರೂ ಕೇಳಿಸಲಿಲ್ಲ ಎಂಬುದು ಯಾರಿಗೂ ದೊಡ್ಡ ಆಕ್ಷೇಪವಾಗಲಿಲ್ಲ.

ಇದಕ್ಕೆ ಪ್ರತಿವಾದವೂ ಉಂಟು: ಅನ್ಯಗ್ರಹ ಜೀವಿಯ ಭಯ ಹುಟ್ಟುವುದೇ ಅದು ಅರ್ಥವಾಗದೆ ಇರುವುದರಿಂದ, ಅದಕ್ಕೆ ಬಾಯಿ ಕೊಟ್ಟರೆ ಅದು ವೇಷ ಹಾಕಿದ ಮನುಷ್ಯನಾಗಿಬಿಡುತ್ತದೆ ಎಂಬುದು ಅದರ ಸಾರ. 2014ರ ‘ಏಲಿಯನ್: ಐಸೊಲೇಷನ್’ ಈ ವಾದವನ್ನು ಗಂಭೀರವಾಗಿ ಸಮರ್ಥಿಸುತ್ತದೆ. ಅಲ್ಲಿ ಬಹುಪಾಲು ಎದುರಾಗುವ ಏಲಿಯನ್ ಒಂದೇ, ಅದನ್ನು ಕೊಲ್ಲಲಾಗದು, ಬಂದೂಕು ಕೈಯಲ್ಲಿದ್ದರೂ ಅಡಗುವುದೇ ದಾರಿ. ಅದರ ಮೌನದ ಎದುರು ಆಡುವವನು ಸಣ್ಣವನಾಗುತ್ತಾನೆ. ಆದ್ದರಿಂದ ಮೌನವನ್ನೇ ದೋಷವೆನ್ನಲಾಗದು. ಒಂಟಿಯಾಗಿ, ಗೆಲ್ಲಲಾಗದಂತೆ ಬಂದ ಜೀವಿಯ ಮೌನ ಬೆರಗು ಹುಟ್ಟಿಸುತ್ತದೆ. ಸೈನ್ಯವಾಗಿ, ಸಾಯಲೆಂದೇ ಬಂದ ಜೀವಿಗಳ ಮೌನ ಕೊಲ್ಲುವವನ ಅನುಕೂಲಕ್ಕಾಗಿ ಹೆಣೆದದ್ದು. ಪರಂಪರೆಯ ಬಹುಪಾಲು ಎರಡನೆಯ ಬಗೆಯದು, ಮೊದಲನೆಯದರ ಘನತೆಯನ್ನು ಅದು ಸಾಲ ತಂದುಕೊಂಡಿದೆ.

ಮನೆಯ ಯಂತ್ರ ಎಂಬ ವಿಶೇಷಣವೂ ವಿಮರ್ಶೆಗೆ ಒಳಪಡಬೇಕು. ಮೊದಲ ಎಕ್ಸ್‌ಬಾಕ್ಸ್‌ಗೆ ನಾಲ್ಕು ಕಂಟ್ರೋಲರ್‌ಗಳನ್ನು ಸಿಕ್ಕಿಸಬಹುದಿತ್ತು. ಟಿವಿಯ ಪರದೆಯನ್ನು ಪಾಲು ಮಾಡಿಕೊಂಡು ಅಣ್ಣ ತಮ್ಮಂದಿರು, ನೆರೆಯವರು ಒಟ್ಟಿಗೆ ಆಡುವ ಏರ್ಪಾಡು ಹೇಲೊದ ಜನಪ್ರಿಯತೆಯ ಬೇರು. 2015ರ ‘ಹೇಲೊ 5’ ಈ ಏರ್ಪಾಡನ್ನೇ ತೆಗೆದುಹಾಕಿತು. ಅದರಿಂದ ಆಟವೊಂದು ನೋಡುಗರ ನಡುವೆ ನಡೆಯುವ ಸಂಗತಿಯಾಗಿ ಉಳಿಯದೆ ಅಂತರ್ಜಾಲದ ಅಪರಿಚಿತರ ಜೊತೆಗಿನ ಸ್ಪರ್ಧೆಯಾಗಿ ಕುಗ್ಗಿತು. ಕನ್ಸೋಲ್ ಬೆಲೆ ಎಟುಕದ ಊರುಗಳಲ್ಲಿ ಮೊಬೈಲ್ ಆ ಜಾಗವನ್ನು ತುಂಬಿತು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ ಪಬ್‌ಜಿ ಮೊಬೈಲ್‌ನಲ್ಲಿ ಎದುರಾಳಿ ಅನ್ಯಗ್ರಹದವನೂ ಅಲ್ಲ, ಎಲ್ಲೋ ಕೂತು ಆಡುತ್ತಿರುವ ಇನ್ನೊಬ್ಬ ಹುಡುಗ. ಯಾರೆಂದು ಕೇಳದೆ ಗುಂಡಿಡುವ ಅಭ್ಯಾಸ ಮಾತ್ರ ಹಾಗೇ ಮುಂದುವರಿಯಿತು.

ಕರ್ನಾಟಕ ಈ ಉದ್ಯಮಕ್ಕೆ ಹೊರಗಿನದಲ್ಲ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆ ವಿದೇಶಿ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುತ್ತಾ ಬೆಳೆದು 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ತೆಕ್ಕೆಗೆ ಸೇರಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ಪ್ರತ್ಯೇಕ ನೀತಿಯನ್ನು ರಾಜ್ಯ ಸರ್ಕಾರ 2012ರಲ್ಲೇ ರೂಪಿಸಿತು. ಇಂಥ ನೀತಿಗಳು ಉದ್ಯೋಗವನ್ನೂ ಬಂಡವಾಳವನ್ನೂ ಎಣಿಸುವುದು ಸಹಜ. ಆದರೆ ಇನ್ನೊಬ್ಬರ ಕಥೆಯ ಬಂದೂಕಿಗೂ ಕವಚಕ್ಕೂ ಬಣ್ಣ ಹಚ್ಚುವ ಕೌಶಲ ಎಷ್ಟೇ ಬೆಳೆದರೂ ಅದರಿಂದ ಕಥೆ ಬದಲಾಗುವುದಿಲ್ಲ. ಅನ್ಯಗ್ರಹ ಶೂಟರ್ ಪರಂಪರೆಗೆ ಇಂದು ಕೊರತೆಯಿರುವುದು ಚಿತ್ರದ ಹೊಳಪಿನಲ್ಲೂ ಅಲ್ಲ, ಕೈಚಳಕದಲ್ಲೂ ಅಲ್ಲ. ಎದುರಾಳಿಯನ್ನು ತಡೆದು ನಿಲ್ಲಿಸಿ ಬಂದ ಕಾರಣ ಕೇಳುವ ಒಂದು ಪಾತ್ರದಲ್ಲಿ. ಹೇಲೊ 2 ಮತ್ತು ಮೆಟ್ರಾಯ್ಡ್ ಪ್ರೈಮ್ ಆ ಪಾತ್ರಕ್ಕೆ ಜಾಗ ಮಾಡಬಹುದೆಂದು ತೋರಿಸಿ ದಶಕಗಳೇ ಕಳೆದಿವೆ. ರಾಕ್ಷಸನ ಪದ್ಯವನ್ನು ಕೊನೆಯವರೆಗೆ ಕೇಳಿಸಿಕೊಂಡು ಅನಂತರ ಅವನ ವಧೆಯನ್ನು ನೋಡುವ ರೂಢಿಯಲ್ಲಿ ಬೆಳೆದ ಸೀಮೆಯ ವಿನ್ಯಾಸಕಾರರು ಆಟವೊಂದನ್ನು ತಾವೇ ಕಟ್ಟಿದರೆ, ಆ ಜಾಗವನ್ನು ತುಂಬಲು ಅವರಿಗೆ ಬೇಕಾದ ವ್ಯಾಕರಣ ಮನೆಯ ಹತ್ತಿರವೇ ಸಿಗುತ್ತದೆ.